ಹೆಲ್ಮೆಟ್ಟಿಗೆ ಕಣ್ಣಿಟ್ಟ ಕೊಟ್ರಬಸಪ್ಪ

ಭದ್ರಾವತಿಯ ಕೊಟ್ರಬಸಪ್ಪನವರ ಮನೆಯಿಂದ ಯಾವ ಮದುವೆಗೆ ಹೊರಟರೂ ಹೆಂಡತಿ ದಾಕ್ಷಾಯಣಮ್ಮ ಬಸ್ಸಿನಲ್ಲಿ, ಅವರು ಆ ಬಸ್ಸಿನ ಹಿಂದೆ ಬೈಕಿನಲ್ಲಿ. ಜಗಳವೇನಿಲ್ಲ. ಹಿಂದಿನ ವರ್ಷ ಶಿವಮೊಗ್ಗದ ದಾರಿಯಲ್ಲಿ, ಚೌಡಮ್ಮನ ಗುಡಿಯ ಮುಂದೆ, ಬೈಕು ರಸ್ತೆಯುಬ್ಬಿನ ಹಂಪಿನ ಮೇಲೆ ಹಾರಿ ದಾಕ್ಷಾಯಣಮ್ಮ ರೇಷ್ಮೆ ಸೀರೆಯ ಸಮೇತ ರಸ್ತೆಗೆ ಬಿದ್ದಿದ್ದರು. ಮೊಣಕೈ ವಾಸಿಯಾದರೂ ಆಕೆ ಮತ್ತೆ ಬೈಕು ಹತ್ತಲಿಲ್ಲ.

“ಹಂಪ್ ರಾತ್ರೋರಾತ್ರಿ ಹಾಕಿದ್ದು ಕಣೇ, ನಂಗೇನು ಗೊತ್ತು?” ಎಂಬುದು ಅವರ ವಾದ. “ನೀವು ರಸ್ತೆ ನೋಡಲ್ಲ ರೀ” ಎಂಬುದು ಆಕೆಯದು. ಕಬ್ಬಿಣದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಕುದಿಯುವ ಲೋಹದ ಪಕ್ಕ ನಿಂತು ಒಂದು ಬೆರಳನ್ನೂ ಕಳೆದುಕೊಳ್ಳದ ಮನುಷ್ಯನಿಗೆ ಈ ಮಾತು ಹೇಗಾಗಬೇಡ! ಹಿಂದಿನ ಸೀಟು ಖಾಲಿಯಿರುವುದು ಅವರ ಬೆನ್ನಿಗೇ ಗೊತ್ತಾಗುತ್ತಿತ್ತು. ತಾನು ರಸ್ತೆ ನೋಡುತ್ತೇನೆಂದು ಸಾಬೀತು ಮಾಡದೆ ಆ ಸೀಟು ತುಂಬುವುದಿಲ್ಲ. ಟಿವಿಯಲ್ಲಿ ಬೈಕ್ ರೇಸಿನವರ ತಲೆಯ ಮೇಲೆ ಕ್ಯಾಮೆರಾ ಕಂಡಿದ್ದೇ ತಡ, 2003ರ ಬೇಸಿಗೆಯಲ್ಲಿ ತಾವು ನೋಡಿದ್ದನ್ನೆಲ್ಲ ಹಿಡಿದಿಡುವ ಅಂಥದ್ದೊಂದನ್ನು ತಮ್ಮ ಹೆಲ್ಮೆಟ್ಟಿಗೂ ಕೂರಿಸಲು ಕೈ ಹಾಕಿದರು.

ಕ್ಯಾಮೆರಾ ಸುಲಭವಾಗಿ ಸಿಕ್ಕಿತು. ಹೆಬ್ಬೆರಳಿನಷ್ಟು ಗಾತ್ರದ್ದು, ಬ್ಯಾಂಕಿನ ಮೂಲೆಯಲ್ಲಿ ಕೂರಿಸುವಂಥದ್ದು. ಆದರೆ ಅದಕ್ಕೆ ಕಣ್ಣಿದೆ, ನೆನಪಿಲ್ಲ. ಕಂಡದ್ದನ್ನು ಟೇಪಿಗೆ ಇಳಿಸಲು ಇನ್ನೊಂದು ಯಂತ್ರ ಬೇಕು. ಕೊಟ್ರಬಸಪ್ಪನವರು ಮನೆಯ ವಿಸಿಪಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋಗಿ, ಶಿವಮೊಗ್ಗದ ಕೋಟೆಯಲ್ಲಿ ಮದುವೆ ವಿಡಿಯೋ ಅಂಗಡಿ ಇಟ್ಟಿದ್ದ ಜ್ಞಾನೇಶನ ಮುಂದೆ ಇಳಿಸಿದರು.

“ಬಸಣ್ಣ, ಇದು ಕ್ಯಾಸೆಟ್ ತೋರಿಸುತ್ತೆ ಅಷ್ಟೇ, ತುಂಬ್ಕೊಳ್ಳಲ್ಲ. ತುಂಬ್ಕೊಳ್ಳೋದು ವಿಸಿಆರ್. ಅದನ್ನ ತಂದ್ರೂ ಪ್ಲಗ್ ಎಲ್ಲಿ ಚುಚ್ತೀರಿ?”

“ದಾರೀಲಿ ಲೈಟ್ ಕಂಬ ಇದಾವಲ್ಲ ಮಾರಾಯ,” ಎಂದರು ಕೊಟ್ರಬಸಪ್ಪ. ತಮಾಷೆಯೋ ನಿಜವೋ, ಅವರ ಮುಖ ನೋಡಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬ್ಯಾಟರಿಯಲ್ಲಿ ಓಡುತ್ತ ಟೇಪಿಗೆ ತುಂಬಿಕೊಳ್ಳುವ ಹ್ಯಾಂಡಿಕ್ಯಾಮೇ ಆಗಬೇಕೆಂದು ತೀರ್ಮಾನವಾಯಿತು. ಜ್ಞಾನೇಶನ ಹೊಸ ಹ್ಯಾಂಡಿಕ್ಯಾಮಿಗೆ ಆ ಪುಟ್ಟ ಕ್ಯಾಮೆರಾದ ಹಳದಿ ವೈರು ಚುಚ್ಚಿದರೆ ಪರದೆ ಕಪ್ಪು. ಅದು ಟಿವಿಗೆ ತನ್ನ ಚಿತ್ರ ಕೊಡುತ್ತದೆ, ಹೊರಗಿನವರ ಚಿತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂಲೆಗೆ ಬಿದ್ದಿದ್ದ ಹಳೆಯದೊಂದು, ಇಟ್ಟಿಗೆಯಷ್ಟು ದಪ್ಪದ್ದು, ಗುಂಡಿ ತಿರುಗಿಸಿದ ಕೂಡಲೇ ಕ್ಯಾಮೆರಾಕ್ಕೆ ಕಂಡ ಅಂಗಡಿಯ ಗೋಡೆಯನ್ನು ತೋರಿಸಿತು. “ಇದೇ ಇರ್ಲಿ. ಬಂದೋರನ್ನ ಒಳಗೆ ಕರೆಯುತ್ತೆ,” ಎಂದು ಕೊಟ್ರಬಸಪ್ಪ ಅದನ್ನು ಎರವಲು ಪಡೆದರು.

ಎಮರ್ಜೆನ್ಸಿ ಲೈಟಿನ ಎರಡು ಬ್ಯಾಟರಿ ಜೋಡಿಸಿ ಕ್ಯಾಮೆರಾಕ್ಕೆ ಕರೆಂಟು ಕೊಟ್ಟಿದ್ದಾಯಿತು. ಕುಲುಕಾಡದಿರಲೆಂದು ಹ್ಯಾಂಡಿಕ್ಯಾಮನ್ನು ಟವೆಲ್ಲಿನಲ್ಲಿ ಸುತ್ತಿ, ಕಾರ್ಖಾನೆಗೆ ಒಯ್ಯುತ್ತಿದ್ದ ಊಟದ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡರು. ವೈರು ಹೆಲ್ಮೆಟ್ಟಿನಿಂದ ಕಿವಿಯ ಹಿಂದೆ ಇಳಿದು ಚೀಲ ಸೇರಿತು. ಬೀದಿಯವರು ಅದನ್ನು ಕಿವುಡರ ಮಿಷನ್ನು ಎಂದುಕೊಂಡು ಜೋರಾಗಿ ಮಾತಾಡಿಸಿದರು.

ಭಾನುವಾರ ಶಿವಮೊಗ್ಗದ ಕೋಟೆಯವರೆಗೆ ಬೈಕು ಓಡಿಸಿ, ವಾಪಸು ಬಂದು, ಹ್ಯಾಂಡಿಕ್ಯಾಮನ್ನು ಟಿವಿಗೆ ಜೋಡಿಸಿ, ಹೆಂಡತಿಯನ್ನು ಎದುರಿಗೆ ಕೂರಿಸಿದರು. “ಈಗ ನೋಡು.”

ರಸ್ತೆ ಬಂತು, ನೆಟ್ಟಗೆ, ಸ್ಪಷ್ಟವಾಗಿ. ಕೊಟ್ರಬಸಪ್ಪ ಗೆದ್ದವರ ಹಾಗೆ ಕಾಲು ಚಾಚಿದರು. ಅಷ್ಟರಲ್ಲಿ ರಸ್ತೆ ಪಕ್ಕಕ್ಕೆ ಸರಿದು ಗಣಪತಿ ಗುಡಿಯ ಗೋಪುರ ಪರದೆಯ ನಡುವೆ ನಿಂತಿತು. ಚಿತ್ರ ಬಾಗಿ ಪೆಟ್ರೋಲ್ ಟ್ಯಾಂಕು ಕಂಡಿತು. ಹ್ಯಾಂಡಲಿನಿಂದ ಬಲಗೈ ಎದ್ದು ಮೇಲೆ ಬಂದು ಮರೆಯಾಯಿತು. ಮತ್ತೆ ರಸ್ತೆ. ಮತ್ತೆ ಈಶ್ವರನ ಗುಡಿ. ಸ್ವಲ್ಪ ರಸ್ತೆ. ದರ್ಗಾ. ಟಿವಿಯಲ್ಲಿ ದೇವರು ಬಂದಾಗಲೆಲ್ಲ ಕುರ್ಚಿಯಲ್ಲಿದ್ದ ಕೊಟ್ರಬಸಪ್ಪನವರ ಕೈ ತಾನಾಗಿಯೇ ಎದೆ ಮುಟ್ಟಿ ತುಟಿಗೆ ಹೋಗುತ್ತಿತ್ತು. ದಾಕ್ಷಾಯಣಮ್ಮ ಟಿವಿ ಬಿಟ್ಟು ಗಂಡನನ್ನೇ ನೋಡತೊಡಗಿದರು.

ಆಮೇಲೆ ಆ ಹಂಪು ಬಂತು. ದೂರದಿಂದಲೇ ಕಾಣುತ್ತಿತ್ತು, ಪಕ್ಕದ ಬೋರ್ಡಿಗೆ ತುಕ್ಕು ಹಿಡಿದಿತ್ತು. ಚಿತ್ರ ಮಾತ್ರ ಬೇವಿನ ಮರದ ಬುಡದ ಚೌಡಮ್ಮನ ಕಡೆ ತಿರುಗಿತು, ಬಾಗಿತು, ಧಡ್ ಎಂದು ಆಕಾಶ ಕಂಡಿತು.

ಕೊಟ್ರಬಸಪ್ಪನವರ ಕೈ ತುಟಿಯ ಹತ್ತಿರವೇ ನಿಂತಿತು. ಅವತ್ತೂ ಹೀಗೇ ಆಗಿದ್ದು. ನಾಚಿಕೆಯಾಯಿತು. ಮೊಣಕೈ ಹಿಡಿದುಕೊಂಡು ರಸ್ತೆಯಲ್ಲಿ ಕೂತಿದ್ದ ಇವಳ ಮುಖ ನೆನಪಾಯಿತು.

“ತಪ್ಪು ನಂದೇ ಕಣೇ,” ಎಂದರು.

ದಾಕ್ಷಾಯಣಮ್ಮ ಎದ್ದು ಟಿವಿ ಆರಿಸಿದರು. “ಆಯನೂರಿನ ಮದ್ವೆಗೆ ಬೈಕಲ್ಲೇ ಬರ್ತೀನಿ. ಆದ್ರೆ ದೇವ್ರು ಬಂದಾಗ ನೀವು ಕತ್ತು ತಿರುಗಿಸಬಾರ್ದು. ಇಬ್ರದೂ ಸೇರಿಸಿ ನಾನೇ ನಮಸ್ಕಾರ ಮಾಡ್ತೀನಿ.”

ಮದುವೆಯ ದಿನ ಚೌಡಮ್ಮನ ಗುಡಿ ಬಂದಾಗ ಕೊಟ್ರಬಸಪ್ಪನವರು ಕತ್ತು ಬಿಗಿಹಿಡಿದು ಹಂಪನ್ನೇ ನೋಡಿದರು. ಹೆಗಲ ಮೇಲಿದ್ದ ಹೆಂಡತಿಯ ಕೈ ಎದ್ದು ಹೋಯಿತು. ಒಂದು ಸಲ ಆಕೆಯದು. ಇನ್ನೊಂದು ಸಲ ಅವರದು. ಆ ಕೈ ಹೆಗಲಿಗೆ ಮರಳಿ ಬರುವವರೆಗೆ ಅವರು ಹಂಪಿನ ಮುಂದೆ ಬೈಕು ನಿಲ್ಲಿಸಿಕೊಂಡೇ ಇದ್ದರು. ಹಿಂದಿನ ಲಾರಿಯವನು ಹಾರ್ನು ಹೊಡೆಯುತ್ತಲೇ ಇದ್ದ.