ಬರೆದವರು ಓದಬಾರದು

ಅನಸೂಯಾಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬ್ಯಾಂಕಿನವರು ಕೊಚ್ಚಿಯಿಂದ ತಿರುವನಂತಪುರಕ್ಕೆ ಎತ್ತಿಹಾಕಿದ ಮೇಲಂತೂ ಚಡಪಡಿಕೆ ಇನ್ನೂ ಹೆಚ್ಚಿತ್ತು. ದಿನವಿಡೀ ಕೌಂಟರಿನಲ್ಲಿ ಮಲಯಾಳಂ, ಇಂಗ್ಲಿಷ್. ಮನೆಗೆ ಬಂದರೆ ನಾಲ್ಕು ಕನ್ನಡದ ಮಾತಿಗೆ ಇದ್ದವನು ಗಂಡ ಶ್ರೀಕಂಠನೊಬ್ಬನೇ. ಕೊಚ್ಚಿಯ ಪಕ್ಕದ ಏಲೂರಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಗದ್ದಲದ ನಡುವೆ ದುಡಿದು ನಿವೃತ್ತನಾದ ಮೈಸೂರಿನವನು. ಆ ಮಹಾರಾಯನೋ ಬಾಯಿಗೆ ಬೀಗ ಹಾಕಿಕೊಂಡಿದ್ದ. ಏನು ಹೇಳಿದರೂ "ಹೂಂ". ಬೀದಿಗೆಲ್ಲ ಕೇಳುವಂತೆ ಟೀವಿ ಕೂಗಿಸಿಕೊಂಡು ಕೂತನೆಂದರೆ ಮುಗಿಯಿತು.

ಒಂದು ದಿನ ರೋಸಿಹೋಗಿ, "ಏನ್ರೀ, ಸಾರಿಗೆ ಉಪ್ಪು ಹಾಕ್ಲಾ, ವಿಷ ಹಾಕ್ಲಾ?" ಎಂದು ಅಡುಗೆಮನೆಯಿಂದಲೇ ಕೇಳಿದಳು. ಅದಕ್ಕೂ "ಹೂಂ"! ಅವಳಿಗೆ ಅಳುವೇ ಬಂತು. ಇವರಿಗೆ ನಾನು ಬೇಡವಾದೆನೇ ಎಂಬ ಹುಳ ತಲೆ ಹೊಕ್ಕಿತು. ಹೊಕ್ಕಿದ್ದನ್ನು ಹೊರಗೆ ಹಾಕದೆ ನಿದ್ದೆ ಬರುವುದುಂಟೇ? ಬರೆಯಲು ಕೂತಳು.

ಬರೆದದ್ದನ್ನು ತೋರಿಸಲು ಜಾಗವೂ ಸಿಕ್ಕಿತು. ಅದೇ ಊರಿನ ಶ್ರೀಕಾರ್ಯಂ ಬಡಾವಣೆಯಲ್ಲಿ ಗೆಡ್ಡೆಗೆಣಸಿನ ವಿಜ್ಞಾನಿ ವಿಶ್ವೇಶ್ವರ ಅವರ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಕನ್ನಡದಲ್ಲಿ ಬರೆಯುವವರು ಸೇರುತ್ತಿದ್ದರು. ಹೋದವರಿಗೆಲ್ಲ ಬೇಯಿಸಿದ ಮರಗೆಣಸು, ಖಾರದ ಚಟ್ನಿ, "ನಿಮ್ಮನೇನೇ ಅಂದ್ಕೊಳಿ" ಎಂಬ ಉಪಚಾರ. ಅಲ್ಲೊಂದು ಕಟ್ಟಳೆ ಇತ್ತು: ಬರೆದವರು ಓದಬಾರದು. ಎಲ್ಲರೂ ಹೆಸರಿಲ್ಲದೆ ಪ್ರಿಂಟ್ ಹಾಕಿಸಿ ತಂದು ಬುಟ್ಟಿಗೆ ಹಾಕಿದ ಹಾಳೆಗಳನ್ನು, ಕಳಕ್ಕೂಟಂನ ಐಟಿ ಕಂಪನಿಯಲ್ಲಿ ಕೆಲಸಕ್ಕಿದ್ದ ಕೃಪಾ ಕಲಸಿ ಹಂಚುತ್ತಿದ್ದಳು. ಕೈಗೆ ಬಂದದ್ದನ್ನು ಓದಬೇಕು. ಬರೆದವರು ಮಾತ್ರ ತುಟಿ ಬಿಚ್ಚಬಾರದು.

ಅನಸೂಯಾ ತನ್ನ ಬರಹ ಹಾಕಿದ ಭಾನುವಾರ ಇಬ್ಬರು ಜ್ವರವೆಂದು ಬಂದಿರಲಿಲ್ಲ. ಶ್ರೀಕಂಠ ಎಂದಿನಂತೆ ಅವಳನ್ನು ಸ್ಕೂಟರಿನಲ್ಲಿ ತಂದುಬಿಟ್ಟು ಗೇಟಿನಾಚೆ ಪೇಪರ್ ಓದುತ್ತ ನಿಂತಿದ್ದ.

"ಅಯ್ಯೋ, ಯಜಮಾನ್ರು ಬಿಸ್ಲಲ್ಲಿ ಯಾಕೆ ನಿಲ್ಬೇಕು? ಓದೋರೂ ಕಮ್ಮಿ ಇದ್ದಾರೆ!" ಎನ್ನುತ್ತ ವಿಶ್ವೇಶ್ವರ ಹೋಗಿ ಅವನ ಕೈಹಿಡಿದು ಎಳೆದುಕೊಂಡೇ ಬಂದರು. ಕೃಪಾ ಅವನಿಗೂ ಒಂದು ಹಾಳೆ ಕೊಟ್ಟಳು. ಮೊದಲ ಸಾಲು ಕಂಡದ್ದೇ ಅನಸೂಯಾಗೆ ತಿಳಿಯಿತು, ಅದು ತನ್ನದೇ! ಕಿತ್ತುಕೊಳ್ಳೋಣವೆಂದರೆ ಬರೆದವಳು ತಾನೆಂದು ತಾನೇ ಸಾರಿದಂತೆ. ಸೆರಗಿನ ತುದಿ ತಿರುಚುತ್ತ ಕೂತಳು.

ಶ್ರೀಕಂಠ ಸಭೆಯಲ್ಲಿ ಭಾಷಣ ಮಾಡುವವನಂತೆ ಜೋರಾಗಿ ಓದಿದ: "ನನ್ನ ದನಿ ಮುಳುಗಲಿ ಅಂತಲೇ ಆತ ಟೀವಿ ಜೋರು ಮಾಡುತ್ತಾನೆ. ನಮ್ಮ ಮನೆಯಲ್ಲಿ ಗಂಡನಿಗಿಂತ ಕುಕ್ಕರೇ ಹೆಚ್ಚು ಮಾತಾಡುತ್ತದೆ." ಉಪ್ಪು, ವಿಷದ ಮಾತು ಬಂದಾಗ ನಿಂತ. ಕನ್ನಡಕ ಒರೆಸಿಕೊಂಡು ಆ ಸಾಲನ್ನೇ ಮತ್ತೊಮ್ಮೆ ಓದಿದ. ಅನಸೂಯಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಎಂಥಾ ಕಲ್ಲು ಮನುಷ್ಯ!" ಎಂದಳು ಕೃಪಾ.

"ಇಂಥೋರಿಗೆ ಒಂದ್ಸಲ ನಿಜವಾಗ್ಲೂ ವಿಷ ಹಾಕ್ಬೇಕು," ಎಂದು ನಕ್ಕರು ವಿಶ್ವೇಶ್ವರ. "ನೀವೇನಂತೀರಿ ಸಾರ್?"

ಶ್ರೀಕಂಠ ಹಾಳೆಯನ್ನೇ ನೋಡುತ್ತಿದ್ದ. ನೋಡಿ, ಇಲ್ಲೂ ಅದೇ ಪೊಗರು ಎಂದು ಅನಸೂಯಾ ಒಳಗೇ ಕುದಿದಳು. ಕೃಪಾ ಅವನ ಭುಜ ಮುಟ್ಟಿ, ಬಗ್ಗಿ, ಮತ್ತೆ ಕೇಳಿದಳು.

"ಈ ಗಂಡನ ಕಿವಿ ಹೋಗಿದೆ ಕಣಮ್ಮ," ಎಂದ ಅವನು. "ಎಡಗಿವಿ ಪೂರ್ತಿ, ಬಲಗಿವಿ ಅರ್ಧಂಬರ್ಧ. ಹೆಂಡ್ತಿ ಹೇಳಿದ್ದು ಕೇಳ್ಸಲ್ಲ. ಕೇಳ್ಸಲ್ಲ ಅನ್ನೋಕೆ ನಾಚ್ಕೆ. ಅದಕ್ಕೇ ಎಲ್ಲಾದಕ್ಕೂ ಹೂಂ ಅಂದ್ಬಿಡ್ತಾನೆ."

ಕೃಪಾ ಹಾಳೆ ತಿರುಗಿಸಿ ನೋಡಿದಳು. "ಅದು ಇದ್ರಲ್ಲಿ ಬರ್ದೇ ಇಲ್ವಲ್ಲ, ಅಂಕಲ್?"

"ಬರೆದೋಳಿಗೆ ಗೊತ್ತಿಲ್ಲ."

ಮರಗೆಣಸಿನ ತಟ್ಟೆಯತ್ತ ಯಾರ ಕೈಯೂ ಹೋಗಲಿಲ್ಲ. ಕಟ್ಟಳೆ ಕಟ್ಟಳೆಯೇ, ಅನಸೂಯಾ ತುಟಿ ಬಿಚ್ಚಲಿಲ್ಲ. ಆದರೆ ಕಣ್ಣು ಕಟ್ಟಳೆ ಕೇಳುತ್ತದೆಯೇ? ಧಾರಾಕಾರ ಸುರಿಯಿತು. ಇಷ್ಟು ದಿನ ಒಬ್ಬನೇ ಹೇಗೆ ತಡೆದುಕೊಂಡನೋ!

ಹೊರಡುವಾಗ ಶ್ರೀಕಂಠ ಹೆಲ್ಮೆಟ್ ಎತ್ತಿಕೊಂಡ. ಅವಳು ಅದನ್ನು ಕಿತ್ತುಕೊಂಡು, ಅವನ ಬಲಗಿವಿಗೆ ಬಾಯಿ ಹಚ್ಚಿ ಕೂಗಿದಳು:

"ರೀ, ಇವತ್ತು ಸಾರಿಗೆ ಉಪ್ಪು ಹಾಕ್ಲಾ, ವಿಷ ಹಾಕ್ಲಾ?"

"ಉಪ್ಪೇ ಇರ್ಲಿ ಕಣೇ," ಎಂದ ಶ್ರೀಕಂಠ.