ರೋಮಿನ ಸಿಪಾಯಿ ಕಲ್ಲು, ತವರಿನ ಸೀರೆ

ಕಲ್ಲಿಗೆ ಎಣ್ಣೆ ಹಚ್ಚಿದ್ದಕ್ಕೆ ರೋಮ್ ಪಟ್ಟಣದಲ್ಲಿ ಕಾವಲಿನವನು ನನ್ನನ್ನು ಹಿಡಿದು ನಿಲ್ಲಿಸಿದ. ಬಂದು ಹತ್ತು ದಿನವೂ ಆಗಿರಲಿಲ್ಲ. ಊರಾಚೆಯ ಹಳೇ ರಸ್ತೆಯ ಬದಿಯಲ್ಲಿ ಒಂದು ಕಲ್ಲು ನಿಂತಿತ್ತು, ಅದರ ಮೇಲೆ ಕತ್ತಿ ಹಿಡಿದ ಸಿಪಾಯಿ. ನನ್ನ ತವರು ಮಧುವನಹಳ್ಳಿಯ ಕಡೆ ಕೆರೆ ಏರಿಯಲ್ಲಿರುವ ವೀರಗಲ್ಲಿನ ಹಾಗೆಯೇ. ಅಲ್ಲಿ ಅಂಥ ಕಲ್ಲಿಗೆ ಎಣ್ಣೆ ಹಚ್ಚಿ ಮುಂದೆ ಹೋಗುತ್ತೇವೆ. ಕಾಳಗದಲ್ಲಿ ಸತ್ತವನನ್ನು ಒಣಗಲು ಬಿಡಬಾರದು. ಚೀಲದಲ್ಲಿ ತಲೆಗೆ ಹಚ್ಚುವ ಹರಳೆಣ್ಣೆ ಇತ್ತು. ಹಚ್ಚಿದೆ.

"ಅವ್ವ, ಇದೇನ್ ಮಾಡ್ಬುಟ್ಟೆ? ಎಲ್ಡ್ ಸಾವ್ರ ವರ್ಸದ್ ಕಲ್ಲು ಕಣವ್ವ," ಎಂದು ಮಗಳು ಮಾದೇವಿ ಓಡಿ ಬಂದಳು.

"ಅದ್ಕೇ ಇಂಗ್ ಒಣಗೋಗದೆ. ಒಬ್ರಾದ್ರೂ ಎಣ್ಣೆ ಮುಟ್ಸಿಲ್ಲ," ಎಂದೆ.

ಮಾದೇವಿಗೆ ಇಲ್ಲಿ ಬದಾಂತೆ ಕೆಲಸ. ವಯಸ್ಸಾದವರ ಮನೆಯಲ್ಲೇ ಇದ್ದು ನೋಡಿಕೊಳ್ಳುವವರಿಗೆ ಹಾಗೆನ್ನುತ್ತಾರೆ. ಅವಳು ನೋಡಿಕೊಳ್ಳುವುದು ಗಾಲಿ ಕುರ್ಚಿಯಲ್ಲಿರುವ ಒಬ್ಬ ಹಳೇ ಟೀಚರಮ್ಮನನ್ನು. ಅವತ್ತು ನಮ್ಮ ಜೊತೆಗಿದ್ದ ಆ ಟೀಚರಮ್ಮನೇ ಕಾವಲಿನವನಿಗೆ ಏನೋ ಹೇಳಿ ನನ್ನನ್ನು ಬಿಡಿಸಿದಳು. ಕಲ್ಲನ್ನು ಸೆರಗಿನಲ್ಲಿ ಒರೆಸಿದೆ, ಕಲೆ ಹೋಗಲಿಲ್ಲ.

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವಳು ನಾನು. ಓದಿದ್ದು ಮೂರನೇ ಕ್ಲಾಸು. ಅಲ್ಲಿ ಬಾಗಿಲು ತೆಗೆದರೆ ಬೀದಿ, ಇಲ್ಲಿ ಬಾಗಿಲು ತೆಗೆದರೆ ಇನ್ನೊಂದು ಬಾಗಿಲು. ನಾಲ್ಕನೇ ಮಹಡಿಯಿಂದ ಯಾರನ್ನು ಕೂಗುವುದು? ಕೂಗಿದರೂ ಯಾವ ಭಾಷೆಯಲ್ಲಿ? ಪೊಲೆಂಟಾ ಎಂದು ಮುಸುಕಿನ ಜೋಳದ ಹಿಟ್ಟನ್ನು ಗಂಜಿಯ ಹಾಗೆ ತಟ್ಟೆಗೆ ಸುರಿಯುತ್ತಾರೆ. ಒಂದು ದಿನ ನಾನೇ ಗಟ್ಟಿಯಾಗಿ ತೊಳಸಿ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಬಿಟ್ಟು ಕೊಟ್ಟೆ. ಟೀಚರಮ್ಮ ಎರಡು ಸಲ ಹಾಕಿಸಿಕೊಂಡಳು. ಅವತ್ತಿನಿಂದ ನನ್ನನ್ನು ನೊನ್ನಾ, ಅಂದರೆ ಅಜ್ಜಿ, ಎಂದು ಕರೆಯುತ್ತಾಳೆ. ವಯಸ್ಸಿನಲ್ಲಿ ಅವಳೇ ದೊಡ್ಡವಳು.

ಅವಳು ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತಿದ್ದವಳು. ಒಂದು ಭಾನುವಾರ ನಮ್ಮನ್ನು ಕಲ್ಲಿನ ಕಂಬವೊಂದರ ಹತ್ತಿರ ಕರೆದುಕೊಂಡು ಹೋದಳು. ಬುಡದಿಂದ ತುದಿಯವರೆಗೆ ದಂಡು ಸುತ್ತಿಕೊಂಡು ಹತ್ತುತ್ತದೆ. ದಂಡು ಎಂದರೆ ಬರೀ ಹೊಡೆದಾಟ ಅಂದುಕೊಂಡಿದ್ದೆ. ನೋಡಿದರೆ ಮರ ಕಡಿಯುವುದು, ಮೂಟೆ ಹೊರುವುದು, ಸೇತುವೆ ಕಟ್ಟುವುದು. ಅರ್ಧಕ್ಕರ್ಧ ಕೂಲಿ ಕೆಲಸ.

ಆಮೇಲೆ ಒಂದು ದೊಡ್ಡ ಕಮಾನು. ಹೊರಗಿನವರನ್ನು ಗೆದ್ದದ್ದಕ್ಕಲ್ಲ, ತಮ್ಮವರನ್ನೇ ಗೆದ್ದದ್ದಕ್ಕೆ ಕಟ್ಟಿದ್ದಂತೆ. ಒಂದೇ ರಾಜ್ಯಕ್ಕೆ ಇಬ್ಬರು ದೊರೆಗಳು. ಎರಡೂ ಕಡೆ ಇದೇ ದೇಶದ ಸಿಪಾಯಿಗಳು. ಸೋತವನು ಸೇತುವೆಯ ಹತ್ತಿರ ಹೊಳೆಗೆ ಬಿದ್ದು ಸತ್ತ. ನೀರಿನಲ್ಲಿ ಮುಳುಗುವವರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ.

"ಗೆದ್ದವ್ನ ಎಡ್ತಿ ಸೋತವ್ನ ತಂಗಿ ಅಂತೆ ಕಣವ್ವ," ಎಂದಳು ಮಾದೇವಿ.

"ಅವ್ಳೇನ್ ಮಾಡುದ್ಲು?"

ಮಾದೇವಿ ಟೀಚರಮ್ಮನನ್ನು ಕೇಳಿದಳು. "ಗೊತ್ತಿಲ್ವಂತೆ. ಯಾರೂ ಬರ್ದಿಲ್ವಂತೆ. ಆಮ್ಯಾಕೆ ಗಂಡ ಅವ್ಳನ್ನೂ ಕೊಲ್ಲಿಸ್ದ ಅಂತಾರಂತೆ."

ಕಲ್ಲಿನಲ್ಲಿ ಅವಳಿಗಾಗಿ ಹುಡುಕಿದೆ. ಕಾಣಲಿಲ್ಲ.

ನಾನೇನು ಮಾಡಿದೆ ಎಂದು ನಾನೇ ಬರೆಯುತ್ತೇನೆ. ನನ್ನ ಗಂಡನಿಗೂ ನನ್ನ ಅಣ್ಣ ಪುಟ್ಟಮಾದನಿಗೂ ಕಾಲುವೆ ನೀರಿಗೆ ಜಗಳವಾಯಿತು. ನನ್ನ ಗಂಡ ಗುದ್ದಲಿ ಬೀಸಿದ. ಅಣ್ಣನ ಎಡಗೈ ಮುರಿಯಿತು. ಆ ವರ್ಷವೂ ಗೌರಿ ಹಬ್ಬಕ್ಕೆ ಅಣ್ಣ ತಂಗಿಯ ಸೀರೆ ತಂದ. ಒಂದು ಕೈಗೆ ಕಟ್ಟು, ಇನ್ನೊಂದು ಕೈಯಲ್ಲಿ ಸೀರೆ. ಗಂಡ ಒಳಗೆ ಕೂತಿದ್ದ. ನಾನು ಹೊಸ್ತಿಲಿಗೆ ಅಡ್ಡ ನಿಂತು ಹೋಗು ಎಂದೆ. ಗಂಡ ಹಾಗೆ ಹೇಳು ಎಂದಿರಲಿಲ್ಲ. ನಾನೇ ಅಂದದ್ದು. ಗಂಡ ಸತ್ತ ಮೇಲೂ ತವರಿಗೆ ಹೋಗಲಿಲ್ಲ. ಹೋಗಲು ಮುಖ ಇರಲಿಲ್ಲ.

ಅಣ್ಣ ಹಾಸಿಗೆ ಹಿಡಿದಿದ್ದಾನೆ, ನನ್ನ ದನಿ ಕೇಳಬೇಕಂತೆ ಎಂದು ಅವನ ಮಗ ಮಹೇಶ ಎರಡು ಸಲ ಹೇಳಿ ಕಳಿಸಿದ್ದ. ಕಮಾನು ನೋಡಿ ಬಂದ ಮಾರನೇ ಬೆಳಗ್ಗೆ ಮಾದೇವಿಗೆ ಫೋನ್ ಹಾಕಲು ಹೇಳಿದೆ. ಊರಿನಲ್ಲಿ ಆಗಲೇ ಮಧ್ಯಾಹ್ನದ ಊಟದ ಹೊತ್ತು.

"ನಾನ್ ಕಣಣ್ಣ, ಸಣ್ಣಮ್ಮ."

"ಉಂಡ್ಯಾ?" ಎಂದ ಅಣ್ಣ.

"ರಾತ್ರಿ ಉಂಡಿದ್ದೆ. ಜ್ವಾಳದಿಟ್ನ ಮುದ್ದೆ."

"ಥೂ, ರಾಗಿ ಇಲ್ದಿರೊ ಊರ್ಗೂ ಓಯ್ತಾರೇನೇ?"

"ಕೈ ಎಂಗದೆ?"

"ಮಳೆ ಬಂದ್ರೆ ನೋಯ್ತದೆ."

ತಪ್ಪಾಯಿತು ಎನ್ನಲು ಕರೆದವಳು ನಾನು. ಆ ಮಾತು ಬಾಯಿಗೆ ಬರಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು ಎಂದು ಫೋನ್ ಇಟ್ಟೆ. ನಾಲ್ಕನೇ ದಿನ ಅಣ್ಣ ಹೋದ. ಮಣ್ಣು ಮಾಡುವುದನ್ನು ಮಹೇಶ ಫೋನಿನಲ್ಲಿ ತೋರಿಸಿದ. ಅಂಗೈಯಗಲದ ಗಾಜಿನಲ್ಲಿ ನೋಡಿದೆ. ಇಲ್ಲಿ ಯಾರಿಗೂ ಸೂತಕ ಗೊತ್ತಿಲ್ಲ. ನಾನೊಬ್ಬಳೇ ತಲೆಗೆ ನೀರು ಹಾಕಿಕೊಂಡೆ.

ಮುಂದಿನ ಭಾನುವಾರ ಹಳೇ ರಸ್ತೆಗೆ ಹೋದೆವು. ಸಿಪಾಯಿಯ ಎದೆಯ ಮೇಲೆ ಎಣ್ಣೆ ಕಲೆ ಹಾಗೆಯೇ ಇತ್ತು. ಕಾವಲಿನವನು ನನ್ನ ಚೀಲವನ್ನೇ ನೋಡುತ್ತಿದ್ದ. ನಾನು ಕೈ ಮುಗಿದು ಬಂದೆ.

ತಿಥಿ ಮುಗಿದ ಮೇಲೆ ಮಹೇಶ ಫೋನ್ ಮಾಡಿದ. "ಅತ್ತೆ, ನೀವು ವಾಪಸ್ ಕಳ್ಸಿದ್ ಸೀರೆ ಪೆಟ್ಗೇಲೇ ಅದೆ. ಅಪ್ಪ ಯಾರ್ಗೂ ಉಡಕ್ ಬುಡ್ನಿಲ್ಲ. ಅಲ್ಲಿಗ್ ಕಳುಸ್ಲಾ?"

ನಮ್ಮಲ್ಲಿ ಹೆಣ್ಣು ಸತ್ತರೆ ತವರಿನ ಸೀರೆ ಹೊದಿಸಿ ಕಳಿಸಬೇಕು. ಕಳಿಸು ಎಂದರೆ ಇಲ್ಲೇ ಸಾಯುತ್ತೇನೆ ಎಂದು ಒಪ್ಪಿಕೊಂಡ ಹಾಗೆ. ಬೇಡ ಎಂದರೆ ಅಣ್ಣನನ್ನು ಎರಡನೇ ಸಲ ಹೊಸ್ತಿಲಿನಿಂದ ಓಡಿಸಿದ ಹಾಗೆ.

"ವರ್ಸಕ್ಕೊಂದ್ ಸಲ ತಗ್ದು ಬಿಸ್ಲಿಗಾಕು ಮಗ," ಎಂದೆ. "ನಾನ್ ಬತ್ತೀನೋ, ಸೀರೆ ಬರ್ಬೇಕೋ, ನೋಡವ."