ಜೇಬಿನ ಚಟ್ನಿಪುಡಿ

ನನಗೆ ಇಂಗ್ಲಿಷ್ ಬರುತ್ತದೆಂಬ ನಂಬಿಕೆ ಕಳೆದ ವರ್ಷದವರೆಗೂ ಗಟ್ಟಿಯಾಗಿಯೇ ಇತ್ತು. ಆಗ ಕ್ಯಾಲಿಫೋರ್ನಿಯಾದ ಮೀರಾ ಮೆಸಾದಲ್ಲಿ ನಮ್ಮ ಮನೆಯ ಹತ್ತಿರ ಒಂದು ಪುಟ್ಟ ಕೆಫೆ ತೆರೆಯಿತು. 'ಅಪ್ಪಟ ಸದರ್ನ್ ಫ್ರೈಡ್' ಎಂಬ ಬೋರ್ಡು ಕಂಡದ್ದೇ, ಸದರ್ನ್ ಎಂದರೆ ಇನ್ಯಾರು, ನಾವೇ ಎಂದುಕೊಂಡೆ. ಬೋಂಡ, ಬಜ್ಜಿ, ಮದ್ದೂರು ವಡೆ ಕಣ್ಣ ಮುಂದೆ ಬಂದವು. ಒಳಗೆ ಹೋಗಿ ಕೌಂಟರಿನಲ್ಲಿದ್ದ ಹಿರಿಯ ಹೆಂಗಸಿಗೆ, "ನಾನೂ ಸೌತ್‌ನವನೇ" ಎಂದೆ. ಕೆಫೆಯ ಒಡತಿ, ಅಮೆರಿಕದ ದಕ್ಷಿಣ ಸೀಮೆಯ ಜಾರ್ಜಿಯಾದ ಲೊರೆಟ್ಟಾ ಆಂಟಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಕೌಂಟಿ, ಹನೀ?" ಎಂದು ಜಿಲ್ಲೆ ಕೇಳಿದರು.

"ಬಸವನಗುಡಿ" ಎಂದೆ.

ದಕ್ಷಿಣ ಯಮನ ದಿಕ್ಕು. ಕರಿದ ತಿಂಡಿಗೆ ಆ ದಿಕ್ಕಿನ ಹೆಸರಿಟ್ಟವರಿಗೆ ನನ್ನ ಕೊಲೆಸ್ಟರಾಲ್ ಮೊದಲೇ ಗೊತ್ತಿದ್ದಿರಬೇಕು. ನಾನು ಸಸ್ಯಾಹಾರಿ; ಕೋಳಿ ಕರಿಯಲು ಬೇರೆ ಎಣ್ಣೆಯೇ ಎಂದು ಎರಡೆರಡು ಸಲ ಕೇಳಿಕೊಂಡು ಕೂತೆ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ ಬಂತು, ಟೊಮೇಟೊ ಕಾಯಿಯ ಬಿಲ್ಲೆಗಳು ಬಂದವು. ಹುರಿಯುವುದಕ್ಕೂ ಕರಿಯುವುದಕ್ಕೂ 'ಫ್ರೈ' ಎಂಬ ಒಂದೇ ಮಾತಿರುವ ಜನ ಇಷ್ಟು ಚೆನ್ನಾಗಿ ಕರಿಯುತ್ತಾರೆಂದು ನಾನು ಎಣಿಸಿರಲಿಲ್ಲ.

ಆದರೂ ತಪ್ಪು ಹುಡುಕದೆ ತಿಂದರೆ ನನಗೆ ಅರಗುವುದಿಲ್ಲ. ಚಟ್ನಿ ಇಲ್ಲವಲ್ಲ! ಮುಂದಿನ ಶನಿವಾರದಿಂದ ಖಾಲಿ ವಿಟಮಿನ್ ಡಬ್ಬಿಯಲ್ಲಿ ಚಟ್ನಿಪುಡಿ ತುಂಬಿ ಜೇಬಿಗಿಳಿಸಿದೆ. ಅಡುಗೆಯೆಂದು ನಾನು ಮಾಡಬಲ್ಲದ್ದು ಅದೊಂದೇ. ಆದ್ದರಿಂದ ಅದರ ಬಗ್ಗೆ ನನಗೆ ಇಡೀ ಪಾಕಶಾಲೆಗಾಗುವಷ್ಟು ಜಂಬ.

ಮೂರನೆಯ ಶನಿವಾರ ಸಿಕ್ಕಿಬಿದ್ದೆ. ಬೆಂಡೆಕಾಯಿಯ ಮೇಲೆ ಪುಡಿ ಉದುರಿಸಿ ತಲೆಯೆತ್ತಿದರೆ ಆಂಟಿ ಪಕ್ಕದಲ್ಲೇ ನಿಂತಿದ್ದಾರೆ. ಹೊರಗಿನ ತಿಂಡಿ ತರಬಾರದೆಂದು ಬಾಗಿಲಲ್ಲೇ ಬರೆದಿತ್ತು. ವಾರವಿಡೀ ಮೀಟಿಂಗುಗಳಲ್ಲಿ ತಲೆಯಾಡಿಸುವ ನಾನು ಕಾಯುವುದೇ ಆ ಒಂದು ತಟ್ಟೆಗಾಗಿ. ಇನ್ನು ಬರಬೇಡ ಎಂದುಬಿಟ್ಟರೆ?

"ಔಷಧಿ" ಎಂದೆ.

"ಯಾವ ಕಾಯಿಲೆಗೆ?"

ಅವರು ನನ್ನ ತಟ್ಟೆಯಿಂದಲೇ ಒಂದು ಬಿಲ್ಲೆ ಎತ್ತಿ, ಪುಡಿಯಲ್ಲಿ ಒತ್ತಿ, ಕಣ್ಣು ಮುಚ್ಚಿ ಅಗಿದರು.

"ಚೆನ್ನಾಗಿದೆ, ಹನೀ. ಉಪ್ಪು ಕಡಿಮೆ. ಮುಂದಿನ ವಾರ ಸರಿಮಾಡಿಕೊಂಡು ಬಾ. ನನಗೂ ಸ್ವಲ್ಪ ತಾ."

ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಕಾರು ಹತ್ತಿದ ಮೇಲೆ ನೋವಾಗತೊಡಗಿತು. ಉಪ್ಪಿಗಿಂತ ರುಚಿಯಿಲ್ಲ ಎಂದು ಕಂಡವರ ಮನೆಯ ಸಾರಿಗೆಲ್ಲ ತೀರ್ಪು ಕೊಟ್ಟವನು ನಾನು. ನನ್ನ ಪುಡಿಗೆ ಉಪ್ಪು ಕಡಿಮೆಯೇ?

ಮನೆಗೆ ಬಂದು ಹೆಂಡತಿ ಸುಧಾಳಿಗೆ ದೂರು ಹೇಳಿದೆ. ಅವಳು ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ನಕ್ಕಳು.

"ಹನ್ನೊಂದು ವರ್ಷದಿಂದ ಬಡ್ಕೊಳ್ತಾ ಇದೀನಿ, ಉಪ್ಪು ಕಮ್ಮಿ ಅಂತ. ನಿನ್ನ ನಾಲಿಗೇನೇ ಸರಿ ಇಲ್ಲ ಅಂತಿದ್ರಿ."

ಹೌದು, ಅಂದಿದ್ದೆ. ಹನ್ನೊಂದು ವರ್ಷ ಅವಳು ಸಪ್ಪೆ ಪುಡಿಯನ್ನೇ ಕಲಸಿಕೊಂಡು ತಿಂದಿದ್ದಾಳೆ. ನಾಚಿಕೆಯಾಯಿತು.

ಶುಕ್ರವಾರ ಸಂಜೆ ಮತ್ತೆ ಕಡಲೆಬೇಳೆ, ಒಣಮೆಣಸಿನಕಾಯಿ ಹುರಿದೆ. ಮಿಕ್ಸಿಗೆ ಹಾಕುವ ಮುನ್ನ ಸುಧಾಳನ್ನು ಕರೆದು ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಎಷ್ಟು ಹಾಕಲಿ ಎಂದು ಅವಳು ಕೇಳಲೂ ಇಲ್ಲ.